ಹೊಳೆ ಇರುವ ಊರಲ್ಲೇ ಇಳಿಯಿರಿ

ಅತ್ತೆಮ್ಮ,

ಇವತ್ತು ಬೆಳಿಗ್ಗೆ ನಿಮ್ಮ ಹಾಗೆ ನಾನೂ ತಣ್ಣೀರಲ್ಲೇ ಸ್ನಾನ ಮಾಡಿದೆ. ಹಂಡೆಯಲ್ಲಿ ನೀರು ಕಾದಿತ್ತು, ಬೇಕಂತಲೇ ಮುಟ್ಟಲಿಲ್ಲ. ಮೊದಲ ಚೊಂಬಿಗೇ ಉಸಿರು ಸಿಕ್ಕಿಕೊಂಡಿತು. ನೀವು ಬಚ್ಚಲ ಬಾಗಿಲಲ್ಲಿ ನಿಂತಿದ್ದರೆ ಖಂಡಿತ ನಗುತ್ತಿದ್ದಿರಿ. ಪೂಜೆ ಮುಗಿಸಿ, ತಲೆ ಇನ್ನೂ ಒದ್ದೆ ಇರುವಾಗಲೇ ಇದನ್ನು ಬರೆಯಲು ಕೂತಿದ್ದೇನೆ. ಮಧ್ಯಾಹ್ನದ ರೈಲಿಗೆ ಹೊರಡಬೇಕು. ಹೌದು, ಅದೇ ಪ್ರಯಾಣ. ನೀವಿಲ್ಲದೆ ಹೊರಡಬೇಕಾಗುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಕಮಲಾ ಆ ನಕಾಶೆ ತಂದು ನಮ್ಮ ಪಡಸಾಲೆಯಲ್ಲಿ ಹಾಸಿದ ದಿನ ನೆನಪಿದೆಯೇ? ಭಾನುವಳ್ಳಿಯಲ್ಲಿ ನನ್ನ ತವರಿನ ಪಕ್ಕದ ಮನೆಯವಳು, ನನ್ನ ಜೊತೆ ಕುಂಟಬಿಲ್ಲೆ ಆಡಿದವಳು, ಈಗ ಹರಿಹರದ ಡಾಕ್ಟರಮ್ಮ. ಇಂಗ್ಲೆಂಡಿನಲ್ಲಿ ಓದಿ ಬಂದವಳೆಂದು ಅವಳ ಮಾತಿಗೆ ನಮ್ಮ ಮನೆಯಲ್ಲಿ ತೂಕ ಹೆಚ್ಚು. ವಿಯೆನ್ನಾದಲ್ಲಿ ಡಾಕ್ಟರುಗಳ ಸಭೆ ಇದೆ, ಹೇಗೂ ಅಷ್ಟು ದೂರ ಹೋಗುತ್ತೇನೆ, ಒಂದು ತಿಂಗಳು ಯುರೋಪೆಲ್ಲ ರೈಲಿನಲ್ಲೇ ಸುತ್ತಿ ಬರುತ್ತೇವೆ, ಪಾರ್ವತಿಯನ್ನು ನನ್ನ ಜೊತೆ ಕಳಿಸಿ ಅಂದಳು. ನಿಮ್ಮ ಮಗ ಹತ್ತಿ ವ್ಯಾಪಾರದಲ್ಲಿ ಎಷ್ಟು ಜೋರೋ ಮನೆಯಲ್ಲಿ ಅಷ್ಟೇ ಮೆತ್ತಗೆ. ಅವ್ವನ್ನ ಕೇಳಿ ಅಂದವರೇ ಟೋಪಿ ಹಾಕಿಕೊಂಡು ಅಂಗಡಿಗೆ ಹೋಗಿಬಿಟ್ಟರು. ನೀವು ತೊಗರಿಬೇಳೆ ಹಸನು ಮಾಡುತ್ತಿದ್ದಿರಿ. ಮೊರದಿಂದ ಕಣ್ಣೆತ್ತದೆ ಒಂದೇ ಮಾತು ಕೇಳಿದಿರಿ.

"ಅಲ್ಲಿ ಮುಂಜಾನೆ ಸ್ನಾನ, ಲಿಂಗಪೂಜೆ ಹೆಂಗೆ ಮಾಡ್ತೀರಿ?"

ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡದೆ ತೊಟ್ಟು ನೀರೂ ಗಂಟಲಿಗೆ ಇಳಿಯಬಾರದೆಂಬ ನಿಮ್ಮ ನೇಮ ಕಮಲಾಗೆ ಹೊಸದೇನಲ್ಲ. ಆದರೆ ಅವಳು ಎದ್ದ ಕೂಡಲೇ ಕಾಫಿ ಹುಡುಕುವವಳು, ಅದರ ಗಂಭೀರತೆ ಅವಳಿಗೆಲ್ಲಿ ಹೊಳೆಯಬೇಕು? ಅಲ್ಲಿನ ಹೋಟೆಲುಗಳಲ್ಲಿ ದೊಡ್ಡ ತೊಟ್ಟಿ ಇರುತ್ತದೆ, ಬಿಸಿನೀರು ತುಂಬಿಸಿ ಅದರೊಳಗೇ ಕೂತು ಮೀಯುತ್ತಾರೆ ಎಂದು ಆಸೆ ಹುಟ್ಟಿಸುವಂತೆ ವರ್ಣಿಸಿದಳು. ನಿಮ್ಮ ಮುಖ ನೋಡಬೇಕಿತ್ತು. ಮೈ ತೊಳೆದ ನೀರಲ್ಲೇ ಮೈ ನೆನೆಹಾಕಿಕೊಂಡು ಕೂರುವುದಕ್ಕೆ ಸ್ನಾನ ಅಂತಾರೇನು, ಅದೂ ಊರವರೆಲ್ಲ ಕೂತೆದ್ದು ಹೋದ ತೊಟ್ಟಿಯಲ್ಲಿ ಎಂದು ಬೈದಿರಿ. ಸ್ನಾನವೆಂದರೆ ಮೈಮೇಲಿಂದ ಹರಿದು ಹೋಗುವ ನೀರು. ಕೊನೆಗೆ ಮೊರ ಬದಿಗಿಟ್ಟು ತೀರ್ಪು ಕೊಟ್ಟಿರಿ: "ಹೊಳಿ ಇರೋ ಊರಾಗ ಮಾತ್ರ ಇಳೀರಿ. ಹೊಳಿ ಇಲ್ದಿದ್ರೆ ಇಳೀಬ್ಯಾಡ್ರಿ."

ಆಮೇಲಿನ ಭಾನುವಾರಗಳನ್ನು ಹೇಗೆ ಮರೆಯಲಿ? ಕಮಲಾ ಹರಿಹರದಿಂದ ಬರುವುದು, ನಕಾಶೆ ಬಿಚ್ಚುವುದು, ನೀವು ಒಂದೊಂದೇ ಊರನ್ನು ವಿಚಾರಣೆಗೆ ಎಳೆಯುವುದು. ರೋಮಿಗೆ ಹೊಳೆ ಇತ್ತು, ಪಾಸಾಯಿತು. ಪ್ಯಾರಿಸ್, ಕಲೋನ್, ವಿಯೆನ್ನಾ ಎಲ್ಲವೂ ಪಾಸು. ಮಿಲಾನಿನ ದೊಡ್ಡ ಚರ್ಚು ನೋಡಬೇಕೆಂದು ಕಮಲಾಗೆ ಬಹಳ ಆಸೆಯಿತ್ತು, ಅಲ್ಲಿ ಹೇಳಿಕೊಳ್ಳುವಂಥ ಹೊಳೆಯಿಲ್ಲವೆಂದು ಅದು ಬಿದ್ದೇ ಹೋಯಿತು. ವೆನಿಸ್ಸಿನಲ್ಲಿ ಬೀದಿಯೇ ನೀರು ಎಂದು ಅವಳು ಗೆದ್ದವಳಂತೆ ಹೇಳಿದರೆ, ಆ ನೀರು ಹರಿಯುತ್ತದೋ ನಿಂತಿದೆಯೋ ಎಂದು ಕೇಳಿದಿರಿ. ಅವಳು ಅರೆಗಳಿಗೆ ತಡವರಿಸಿದ್ದೇ ವೆನಿಸ್ಸಿಗೆ ಮುಳುವಾಯಿತು. ನೀವು ನನ್ನನ್ನು ಕಳಿಸದಿರಲು ಹೀಗೆ ಒಂದೊಂದೇ ಕಲ್ಲು ಅಡ್ಡ ಇಡುತ್ತಿದ್ದೀರಿ ಅಂದುಕೊಂಡು ನಾನು ಒಳಗೊಳಗೇ ಕುದಿಯುತ್ತಿದ್ದೆ. ಬೇಡವೆಂದರೆ ಬೇಡ ಅಂದುಬಿಡಬಾರದೇ ಎಂದು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದ್ದೂ ಉಂಟು. ನಿಮಗೆ ಕೇಳಿಸಿರಬೇಕು.

ಪುಷ್ಯದ ಚಳಿಯಲ್ಲಿ ನೀವು ನಮಗೆ ಪರೀಕ್ಷೆ ಇಟ್ಟಿರಿ. ಮೊದಲು ಹರಿಹರದಲ್ಲಿ ಮಾಡಿ ತೋರಿಸಿ, ಆಮೇಲೆ ಯುರೋಪು. ನೀವೂ ನಾನೂ ಬಾಯಿಗೆ ನೀರು ಮುಟ್ಟಿಸದೆ ದಾವಣಗೆರೆಯಲ್ಲಿ ಬೆಳಗಿನ ಮೊದಲ ಪ್ಯಾಸೆಂಜರ್ ಹತ್ತಿದೆವು. ಹರಿಹರದಲ್ಲಿ ಕಮಲಾ ಶಾಲು ಹೊದ್ದು ಸ್ಟೇಷನ್ನಿಗೆ ಬಂದಿದ್ದಳು. ನಿಮ್ಮ ಅಪ್ಪಣೆಯಂತೆ ಅವತ್ತು ಅವಳಿಗೂ ಕಾಫಿ ಇಲ್ಲ, ಹಾಗಾಗಿ ಮುಖ ಗಂಟಿಕ್ಕಿತ್ತು. ತುಂಗಭದ್ರೆಯ ಮೆಟ್ಟಿಲಲ್ಲಿ ನಾವಿಬ್ಬರೂ ಕಾಲಬೆರಳಿಂದ ನೀರು ಮುಟ್ಟಿ ಹಿಂದೆ ಸರಿಯುತ್ತಿದ್ದರೆ ನೀವು ಆಗಲೇ ಎದೆಮಟ ನೀರಿನಲ್ಲಿದ್ದಿರಿ. ದಂಡೆಯಲ್ಲಿ ಪೂಜೆ ಮುಗಿಸಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಕೂತೆವು. ನಾವು ಬಂದ ರೈಲಿನ ಹಿಂದೆಯೇ ಇನ್ನೊಂದು ಬಂದು, ಹೊಗೆ ಉಗುಳುತ್ತ ಸೇತುವೆ ದಾಟಿ ಹೋಯಿತು. ನೀವು ಅಗಿಯುವುದನ್ನು ನಿಲ್ಲಿಸಿ ಅದು ಕಾಣದಾಗುವವರೆಗೂ ನೋಡಿದಿರಿ.

"ಇಲ್ಲೇ ಸಾರಥಿ ಅನ್ನೋ ಹಳ್ಳ್ಯಾಗ ಹುಟ್ಟಿದೆ, ದಾವಣಗೆರಿಗೆ ಸೊಸಿಯಾಗಿ ಬಂದೆ. ಈ ಸೇತುವಿ ಮ್ಯಾಲೆ ಎಷ್ಟು ರೈಲು ಹೋದ್ವು, ಒಂದ್ರಾಗೂ ಕುಂತು ಆಚಿಗೆ ದಾಟಲಿಲ್ಲ" ಅಂದಿರಿ. ಆಮೇಲೆ, ರೊಟ್ಟಿಯ ಚೂರನ್ನು ಚಟ್ನಿಯಲ್ಲಿ ಒತ್ತುತ್ತ, "ಪಾರ್ವತಿ, ಟಿಕೆಟ್ ಮೂರು ತೆಗಸ್ರಿ" ಅಂದಿರಿ.

ಕಮಲಾ ನಕ್ಕಳು. ನಿಮ್ಮ ಮುಖ ನೋಡಿ ನಗು ನುಂಗಿದಳು. ನನಗೆ ಅಷ್ಟು ದಿನದ ನಿಮ್ಮ ಪ್ರಶ್ನೆಗಳೆಲ್ಲ ಒಂದರ ಹಿಂದೊಂದು ನೆನಪಾದವು. ಅಲ್ಲಿನ ರೈಲಿನ ಮೆಟ್ಟಿಲು ಎತ್ತರವೇ, ಒಳಗೆ ಕಾಲು ಮಡಚಿ ಕೂರಲು ಜಾಗವಿದೆಯೇ, ಸೀರೆ ಉಟ್ಟವರನ್ನು ನೋಡಿ ಆಡಿಕೊಳ್ಳುತ್ತಾರೆಯೇ... ಅವು ಅಡ್ಡಗಲ್ಲುಗಳಾಗಿರಲಿಲ್ಲ. ನೀವು ಆಗಲೇ ಹೊರಟಾಗಿತ್ತು. ಅದು ತಿಳಿದ ಗಳಿಗೆಯಲ್ಲಿ ನಿಮ್ಮ ಮೇಲೆ ಹುಟ್ಟಿದ ಪ್ರೀತಿಯನ್ನು ನಾನು ಬಾಯಿಬಿಟ್ಟು ಹೇಳಲೇ ಇಲ್ಲ. ಈಗ ಹೇಳುತ್ತಿದ್ದೇನೆ.

ಅಲ್ಲಿನ ಚಳಿಗೆಂದು ಕೋಟು ಹೊಲಿಸಿದ ದಿನ ನೀವು ಮದುವಣಗಿತ್ತಿಯ ಹಾಗಿದ್ದಿರಿ. ಬೇಸಿಗೆ ಶುರುವಾಗಿತ್ತು, ಊರಿಗೆ ಊರೇ ಬೀಸಣಿಗೆ ಹಿಡಿದಿತ್ತು, ನೀವು ಮಾತ್ರ ಆ ಉಣ್ಣೆ ಕೋಟು ತೊಟ್ಟು ಪಡಸಾಲೆಯಿಂದ ಹಿತ್ತಲಿನವರೆಗೆ ಓಡಾಡಿ ರೂಢಿ ಮಾಡಿಕೊಂಡಿರಿ. ಪಾಸ್‌ಪೋರ್ಟಿನ ಫೋಟೊಕ್ಕೆ ತಲೆಯ ಮೇಲಿನ ಸೆರಗು ತೆಗೆಯಬೇಕೆಂದ ಫೋಟೊದವನನ್ನು ಗದರಿಸಿಬಿಟ್ಟಿರಿ. ರೂಢಿಯಾಗಲೆಂದು ದಿನಾ ತಣ್ಣೀರಲ್ಲೇ ಮೀಯತೊಡಗಿದಿರಿ, ಬೇಡ ಎಂದು ಕಮಲಾ ಎಷ್ಟು ಹೇಳಿದಳು! ಅಲ್ಲಿನ ಹೊಳೆಯೇನು ನನಗಾಗಿ ಹಂಡೆ ಕಾಯಿಸುತ್ತದೆಯೇ ಎಂದು ಅವಳ ಬಾಯಿ ಮುಚ್ಚಿಸಿದಿರಿ.

ಯುಗಾದಿ ಮುಗಿದ ವಾರ ಪೂಜೆಗೆ ಕೂತವರು ಹಾಗೆಯೇ ಗೋಡೆಗೆ ಒರಗಿದಿರಿ. ಲಿಂಗ ಅಂಗೈಯಲ್ಲೇ ಇತ್ತು. ತಣ್ಣೀರಿನಿಂದಲೇ ಹೀಗಾಯಿತೇ ಎಂದು ನಾನು ಕಮಲಾಳ ಕೈ ಹಿಡಿದು ಕೇಳಿದೆ. ಅಲ್ಲವೇ ಅಲ್ಲ, ಎದೆ ಎಂದೋ ಸೋತಿತ್ತು, ಆ ಮೂರು ತಿಂಗಳು ಅವರು ಬದುಕಿದ್ದೇ ಪ್ರಯಾಣದ ಹುರುಪಿನಲ್ಲಿ ಅಂದಳು. ನಿಜವೋ, ನನ್ನ ಸಮಾಧಾನಕ್ಕೆ ಹೇಳಿದಳೋ... ಲಿಂಗ ನಿಮ್ಮ ಜೊತೆ ಮಣ್ಣಿಗೆ ಹೋಯಿತು. ಕೋಟು ಗೂಟದಲ್ಲಿ ಉಳಿಯಿತು.

ನಾನು ಹೋಗುವುದಿಲ್ಲ ಎಂದು ಕಮಲಾಗೆ ಹೇಳಿಬಿಟ್ಟೆ. ಅವಳು ವಾದಿಸಲಿಲ್ಲ, ನಕಾಶೆಯನ್ನು ಮಾತ್ರ ನಮ್ಮ ಮನೆಯಲ್ಲೇ ಬಿಟ್ಟು ಹೋದಳು. ವಾರಗಳು ಕಳೆದವು. ಆ ಕೋಟನ್ನು ಬಿಸಿಲಿಗೆ ಹಾಕುವುದು, ಮಡಚುವುದು, ಮತ್ತೆ ಗೂಟಕ್ಕೆ ನೇತುಹಾಕುವುದು, ಇಷ್ಟೇ ನನ್ನ ಕೆಲಸವಾಯಿತು. ನಿಮ್ಮ ಮಗ ಎಲ್ಲವನ್ನೂ ನೋಡುತ್ತಿದ್ದರು. ಈಗ ನಿಮಗೆ ತಿಳಿಯದ ಸುದ್ದಿ ಕೇಳಿ. ಮೊನ್ನೆ ಸಂಜೆ ಅವರು ಅಂಗಡಿಯಿಂದ ಬಂದು, ಟೋಪಿಯನ್ನೂ ತೆಗೆಯದೆ, ನನ್ನ ಮುಂದೆ ಮೂರು ಟಿಕೆಟ್ ಇಟ್ಟರು. ಎರಡು ಬೊಂಬಾಯಿಗೆ, ನನಗೂ ಕಮಲಾಗೂ, ಅಲ್ಲಿಂದ ಹಡಗು. ಮೂರನೆಯದು ದಾವಣಗೆರೆಯಿಂದ, ಹರಿಹರದ ಸೇತುವೆ ದಾಟಿದ ಕೂಡಲೇ ಸಿಗುವ ಆ ಸಣ್ಣ ಸ್ಟೇಷನ್ನಿಗೆ. ಇದು ಯಾರಿಗೆ ಎಂದು ಕೇಳಿದೆ.

"ಅವ್ವ ಹೊಳಿ ದಾಟ್ಲಿ" ಅಂದರು. ಅಷ್ಟೇ ಹೇಳಿ ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ಒಳಗೆ ಬರಲು ಬಹಳ ಹೊತ್ತು ತೆಗೆದುಕೊಂಡರು.

ಮಿಲಾನಿನಲ್ಲಿ ಇಳಿಯುವುದಿಲ್ಲ, ಕಮಲಾ ಒಪ್ಪಿದ್ದಾಳೆ. ತಾಮ್ರದ ಚೊಂಬು ಕಟ್ಟಿಕೊಂಡಿದ್ದೇನೆ, ತೊಟ್ಟಿಯಲ್ಲಂತೂ ಕೂರುವುದಿಲ್ಲ. ಕಿಟಕಿಯ ಪಕ್ಕದ ಜಾಗದಲ್ಲಿ ನಿಮ್ಮ ಕೋಟು ಇಡುತ್ತೇನೆ, ಯಾರು ಬಂದು ಕೇಳಿದರೂ ಟಿಕೆಟ್ ತೋರಿಸುತ್ತೇನೆ. ಹರಿಹರ ಬಿಟ್ಟ ಮೇಲೆ ನಿದ್ದೆ ಹೋಗಬೇಡಿ ಅತ್ತೆಮ್ಮ. ಸೇತುವೆ ಬಂದಾಗ ಹೇಳುತ್ತೇನೆ, ನೋಡಿ.

ನಿಮ್ಮ ಸೊಸೆ
ಪಾರ್ವತಿ