ಅಡುಗೆಮನೆಯ ನಿಶ್ಶಬ್ದ

ಸೌಂಡ್ ರೆಕಾರ್ಡ್ ಮಾಡುವ ಸರ್ ಅವರಿಗೆ ನಮಸ್ಕಾರ.

ಹೋದ ವರ್ಷ ನಮ್ಮ ಮನೆಯ ಅಡುಗೆಮನೆಯಲ್ಲಿ ನಿಮ್ಮ ಸಿನಿಮಾದ ಶೂಟಿಂಗ್ ನಡೆದಿತ್ತು. ಕೊನೆಯ ದಿನ ನೀವು ಗುರ್ ಎನ್ನುವ ಫ್ರಿಜ್ ಆರಿಸಿ, ಎಲ್ಲರನ್ನೂ ನಿಂತಲ್ಲೇ ನಿಲ್ಲಿಸಿ, ಒಂದು ನಿಮಿಷ ಬರೀ ನಿಶ್ಶಬ್ದವನ್ನು ರೆಕಾರ್ಡ್ ಮಾಡಿಕೊಂಡಿರಿ.

"ಇದನ್ನೇನು ಮಾಡ್ತೀರಿ?" ಎಂದು ಕೇಳಿದ್ದೆ.

"ಒಂದೊಂದು ಕೋಣೆ ನಿಶ್ಶಬ್ದ ಒಂದೊಂದು ಥರ ಅಮ್ಮಾ. ಮಾತಿನ ಕೆಳಗೆ ಇದನ್ನ ಹಾಸದೇ ಹೋದ್ರೆ ನೋಡೋರಿಗೆ ಏನೋ ಇಲ್ಲ ಅನ್ಸುತ್ತೆ, ಏನು ಅಂತ ಗೊತ್ತಾಗಲ್ಲ" ಎಂದಿರಿ.

ಮೊದಲ ಸಲ ರೆಕಾರ್ಡಿಂಗ್ ಕೆಟ್ಟಿತು. ಬಾಗಿಲಿಗೆ ಒರಗಿ ನಿಂತಿದ್ದ ನಮ್ಮ ಯಜಮಾನರು, "ಮೂವತ್ತು ವರ್ಷದಲ್ಲಿ ಇವಳ ಬಾಯಿ ಮುಚ್ಚಿಸಿದೋರು ನೀವೇ ಮೊದಲು ನೋಡಿ" ಎಂದುಬಿಟ್ಟರು. ನನಗೆ ನಗು ತಡೆಯಲಾಗಲಿಲ್ಲ. ಎರಡನೇ ಸಲ ಅವರು ಶಾಲೆಯ ಹುಡುಗನ ಹಾಗೆ ಕೈಕಟ್ಟಿ ಸುಮ್ಮನೆ ನಿಂತರು.

ಅವರು ತೀರಿಕೊಂಡು ನಾಲ್ಕು ತಿಂಗಳಾಯಿತು. ಈಗ ಅಡುಗೆಮನೆಗೆ ಹೋದಾಗೆಲ್ಲ ನೀವು ಹೇಳಿದ್ದು ನೆನಪಾಗುತ್ತದೆ. ಆದರೆ ಇಲ್ಲದಿರುವುದು ಏನೆಂದು ನನಗೆ ಗೊತ್ತು.

ಇದರ ಜೊತೆ ಒಂದು ಪೆನ್‌ಡ್ರೈವ್ ಇಟ್ಟಿದ್ದೇನೆ. ದಯವಿಟ್ಟು ಎರಡನೇ ಸಲದ ಆ ನಿಮಿಷವನ್ನು ಹಾಕಿ ಕಳಿಸಿ. ಮೊದಲನೆಯದು ಬೇಡ. ಅವರ ಮಾತುಗಳೆಲ್ಲ ನನಗೆ ಬಾಯಿಪಾಠವಾಗಿವೆ. ಅವರು ಮನೆಯಲ್ಲಿ ಸುಮ್ಮನೆ ಇರುತ್ತಿದ್ದುದು ಮಾತ್ರ ಎಷ್ಟು ನೆನೆದರೂ ಮರಳಿ ಬರುತ್ತಿಲ್ಲ.

ಕೇಳುವಾಗ ಫ್ರಿಜ್ ಆರಿಸಿಕೊಳ್ಳುತ್ತೇನೆ.

ಇಂತಿ,
ಅಂದು ನಕ್ಕು ಕೆಡಿಸಿದವಳು