ಮೂರನೇ ಬೆಂಚಿನಿಂದ

ಸೋಮವಾರ, ಮಧ್ಯಾಹ್ನ

ಮಗಳಿಗೆ ಅಮ್ಮನ ಆಶೀರ್ವಾದ. ಅಭ್ಯಾಸಬಲದಿಂದ ಕೈ ಆಶೀರ್ವಾದ ಎಂದು ಬರೆಯಿತು. ಕೋಪ ಇಳಿದಿದೆ ಅಂದುಕೊಳ್ಳಬೇಡ.

ಎರಡು ಬೀದಿ ಆಚೆ ಇರುವವಳು ಅಂಚೆಯಲ್ಲಿ ಕಾಗದ ಹಾಕಿದ್ದೀಯ. ಬಾಗಿಲಿಗೆ ಬರುವ ಧೈರ್ಯ ಇರಲಿಲ್ಲ ಅಂತ ಕಾಣುತ್ತದೆ. ಇರಲಿ, ನಾನೂ ಅಂಚೆಯಲ್ಲೇ ಉತ್ತರ ಕೊಡುತ್ತೇನೆ. ನೀನು ಕೇಳಿದ್ದು ಒಂದೇ ಮಾತು: ನಮ್ಮ ಚರ್ಚಿಗೆ ನೂರು ವರ್ಷ ತುಂಬಿದ ಪೂಜೆಯಲ್ಲಿ, ಬಿಷಪ್ಪರ ಎದುರಿಗೆ, ನಿನ್ನ ಗಾಯನವೃಂದದ ಹಾಡನ್ನು ಬೇಕೆಂದೇ ಕೆಡಿಸಿದೆಯಾ ಅಂತ. ಹೌದು. ಬೇಕೆಂದೇ.

ಆದರೆ ಮಾಡಿದ್ದೇನು? ಕಿರುಚಲಿಲ್ಲ, ಜಗಳಕ್ಕೆ ನಿಲ್ಲಲಿಲ್ಲ. ಹಾಡಿದೆ, ಅಷ್ಟೇ. ಕೆಳಗೆ ಜನರ ಜೊತೆ ಕೂತು ಹಾಡಮ್ಮಾ ಅಂತ ಹೇಳಿದವಳು ನೀನೇ ಅಲ್ಲವೇ?

ಆ ಮಾತನ್ನು ಮನೆಯಲ್ಲಿ ಹೇಳಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ನೀನು ಹೇಳಿದ್ದು ಹಾಡುವ ಅಟ್ಟದ ಮೇಲೆ, ಅಭ್ಯಾಸದ ನಡುವೆ. ನಾನು ಹರೆಯದಿಂದ ನಡೆಸಿಕೊಂಡು ಬಂದು, ನನ್ನ ಕೈಯಾರೆ ನಿನಗೆ ಒಪ್ಪಿಸಿದ ಅಟ್ಟ. ಅಮ್ಮಾ, ನಿನ್ನ ದನಿ ಒಡೀತಿದೆ, ಎಲ್ಲರ ನಡುವೆ ಎದ್ದು ಕೇಳಿಸುತ್ತೆ ಅಂದೆ. ನಿನ್ನ ವೃಂದದ ಟೈಲರ್ ಕಿಸಕ್ಕನೆ ನಕ್ಕ. ಮೈ ಪೀಪಾಯಿ, ದನಿ ಸೊಳ್ಳೆಯದು; ಎಲ್ಲರೂ ಅವನನ್ನು ಸೊಳ್ಳೆ ಅನ್ನುವಾಗ ಹೆಸರು ಹಿಡಿದು ಕರೆಯುತ್ತಿದ್ದವಳು ನಾನೊಬ್ಬಳೇ. ಅಜ್ಜಿಯದು ಹಾಡಿದ್ದೇ ಹಾಡೋ ಕಿಸಬಾಯಿದಾಸನ ಕಥೆ ಬಿಡಿ ಅಂದ. ಇನ್ನು ಮೇಲೆ ನನಗೂ ಅವನು ಸೊಳ್ಳೆಯೇ. ಅವನ ಮಾತಿರಲಿ. ನೀನು ಅವನ ಬಾಯಿ ಮುಚ್ಚಿಸಲಿಲ್ಲ. ಕೀಬೋರ್ಡಿನ ಯಾವುದೋ ಗುಂಡಿ ಒತ್ತುತ್ತಾ ನಿಂತೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ, ಮಗಳೇ.

ಇಳಿದು ಬಂದು ಮೂರನೇ ಬೆಂಚಿನಲ್ಲಿ ಕೂತೆ. ಅಲ್ಲಿ ಕೂತ ಮೇಲೆ ತಿಳಿಯಿತು, ನೀನು ನನ್ನಿಂದ ಅಟ್ಟ ಕಸಿದುಕೊಂಡು ಇಡೀ ಚರ್ಚನ್ನೇ ಕೈಗೆ ಕೊಟ್ಟಿದ್ದೀಯ ಅಂತ. ನಮ್ಮ ಜನ ಪುಸ್ತಕ ನೋಡಿ ಹಾಡುವವರಲ್ಲ. ಪುಸ್ತಕ ಕೈಯಲ್ಲಿರುತ್ತದೆ, ಕಿವಿ ಮುಂದಿನವರ ಮೇಲಿರುತ್ತದೆ. ನನ್ನ ಹಿಂದೆ ಕೂರುವ ಬೇಕರಿ ಅಕ್ಕ ನನ್ನನ್ನು ಕೇಳಿ ಹಾಡುತ್ತಾಳೆ, ಅವಳ ಹಿಂದಿನವರು ಅವಳನ್ನು ಕೇಳಿ. ಹೀಗೆ ಬಾಗಿಲ ತನಕ.

ಕಾಣಿಕೆ ಗೀತೆಯ ಎರಡನೇ ಚರಣದಲ್ಲಿ ಉದ್ದನೆಯ ಸಾಲೊಂದಿದೆಯಲ್ಲ, ಅದರ ನಟ್ಟನಡುವೆ ನಮ್ಮವರೆಲ್ಲ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಬೇರಾವ ಚರ್ಚಿನಲ್ಲೂ ಹೀಗಿಲ್ಲ. ತಪ್ಪು, ತಪ್ಪು ಅಂತ ನೀನು ಅಭ್ಯಾಸದಲ್ಲಿ ನೂರು ಸಲ ಹೇಳಿದೆ. ತಪ್ಪೇ. ನೀನು ಹೊಟ್ಟೆಯಲ್ಲಿದ್ದಾಗ, ತಿಂಗಳು ತುಂಬುತ್ತಾ ಬಂದಾಗ, ಒಂದೇ ಉಸಿರಿಗೆ ಸಾಲು ಮುಗಿಸಲಾಗದೆ ನಡುವೆ ನಿಂತೆ. ಇಡೀ ಚರ್ಚು ನಿಂತಿತು. ರಾಗವೇ ಹಾಗೆ ಅಂದುಕೊಂಡರು. ಹೆರಿಗೆಯಾಗಿ ಬಂದ ಮೇಲೆ ನಾನು ನಿಲ್ಲದೆ ಹಾಡಿದರೂ ಅವರು ಅಲ್ಲೇ ನಿಂತರು. ಕೊನೆಗೆ ನಾನೇ ಸೋತು ಅವರ ದಾರಿಗೆ ಬಂದೆ. ನಿನ್ನಿಂದ ಹುಟ್ಟಿದ ತಪ್ಪನ್ನು ತಿದ್ದಲು ನೀನೇ ಹೊರಟೆ, ಅದೂ ನನ್ನನ್ನು ಕೆಳಗಿಳಿಸಿ.

ಬಿಷಪ್ಪರು ಬಂದ ದಿನ, ನಾಲ್ಕು ದನಿಯಲ್ಲಿ ಹಾಡುವ ನಿನ್ನ ವೃಂದದವರು ಆ ಸಾಲು ಎತ್ತಿಕೊಂಡರು. ನಾನು ನಡುವೆ ನಿಂತೆ. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ನಿಂತೆ. ಜನ ನನ್ನ ಜೊತೆ ನಿಂತರು, ನೀವು ಮುಂದೆ ಹೋದಿರಿ. ಜನ ಉಳಿದ ಅರ್ಧ ಸಾಲು ಮುಗಿಸುವ ಹೊತ್ತಿಗೆ ನೀವು ಎಲ್ಲೋ ಇದ್ದಿರಿ. ಸೊಳ್ಳೆ ಹೆದರಿ ನಮ್ಮ ಕಡೆ ಸೇರಿಕೊಂಡ. ಅಟ್ಟದ ಹೆಂಗಸರು ಮುಖ ಮುಖ ನೋಡಿಕೊಂಡರು. ಕೀಬೋರ್ಡು ನಿಂತೇ ಹೋಯಿತು. ಆಗ ತಿರುಗಿ ಮೇಲೆ ನೋಡಿದೆ. ಎತ್ತಿದ ನಿನ್ನ ಕೈ ಮೆಲ್ಲಗೆ ಇಳಿಯುತ್ತಿತ್ತು. ಅದನ್ನು ನೋಡಲೆಂದೇ ತಿರುಗಿದ್ದು. ಪೂಜೆಯ ನಡುವೆ ಅಷ್ಟು ಸುಖವಾಗಬಾರದಿತ್ತು, ಆಯಿತು. ಹೊರಗೆ ಬಿಷಪ್ಪರು ಫಾದರ್ ಕೈ ಹಿಡಿದು, ನಿಮ್ಮ ಜನ ಎಷ್ಟು ಚೆನ್ನಾಗಿ ಹಾಡ್ತಾರ್ರೀ, ನಿಮಗೆ ಗಾಯನವೃಂದವೇ ಬೇಡ ಅಂದರು. ನೀನು ಪಕ್ಕದಲ್ಲೇ ಇದ್ದೆ. ನಾನೂ ಇದ್ದೆ.

ಈಗ ಅಟ್ಟ ಬಿಟ್ಟೆ, ಚರ್ಚಿನ ಮೆಟ್ಟಿಲೂ ಹತ್ತುವುದಿಲ್ಲ ಅಂತ ಬರೆದಿದ್ದೀಯ. ಫಾದರ್ ಬಂದು ನನ್ನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ತಾಯೀ, ನೀವೇ ಮಗಳಿಗೆ ಒಂದು ಮಾತು ಹೇಳಿ, ಮದುವೆಗೂ ಮಣ್ಣಿಗೂ ಹಾಡೋರಿಲ್ಲ ಅಂದರು. ಯಾಕೆ ಫಾದರ್, ನಾನೇನು ಸತ್ತಿದ್ದೀನಾ ಅಂದೆ. ಪಾಪ, ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ನಾನು ಕ್ಷಮೆ ಕೇಳುವುದಿಲ್ಲ. ನೀನು ಕೇಳಿದರೆ ಮೊದಲ ಸಲಕ್ಕೇ ಕೊಡುವುದೂ ಇಲ್ಲ. ಎಲ್ಲರೂ ನೋಡುತ್ತಿರುವಾಗ ಕೆಳಗಿಳಿಯುವುದು ಹೇಗಿರುತ್ತದೆ ಅಂತ ನಿನಗೂ ಗೊತ್ತಾಯಿತಲ್ಲ, ಸಾಕು. ಲೆಕ್ಕ ಸರಿಹೋಯಿತು.

ಇಷ್ಟು ಬರೆದವಳು,
ನಿನ್ನನ್ನು ಹೆತ್ತವಳು

ತಾ.ಕ.: ನಿನ್ನೆ ನೀನು ಪೂಜೆಗೆ ಬರಲಿಲ್ಲ. ಬೇರೆಯವರು ಬಣ್ಣ ಹಚ್ಚಿ ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. ಪರಮಪ್ರಸಾದದ ಗೀತೆಯಲ್ಲಿ ಮೇಲಕ್ಕೆ ಏರುವ ಕಡೆ ನನಗೆ ದನಿ ಬರಲಿಲ್ಲ. ಬಾಯಿ ತೆರೆದೆ, ಬರೀ ಗಾಳಿ. ಜನ ಕಾದರು, ಕಾದೇ ಇದ್ದರು. ಯಾರೂ ಮುಂದಕ್ಕೆ ಎತ್ತಿಕೊಳ್ಳಲಿಲ್ಲ. ಹಾಗೆ ಎತ್ತಿಕೊಳ್ಳುವುದನ್ನು ನಾನು ನಿನಗೊಬ್ಬಳಿಗೆ ಬಿಟ್ಟು ಬೇರೆ ಯಾರಿಗೂ ಕಲಿಸಿಲ್ಲ. ಫಾದರ್ ಕೆಮ್ಮಿ, ಪ್ರಾರ್ಥಿಸೋಣ ಅಂದುಬಿಟ್ಟರು. ಬರುವ ಭಾನುವಾರ ಬಾ. ಅಟ್ಟಕ್ಕಲ್ಲ, ನನ್ನ ಹಿಂದಿನ ಬೆಂಚಿಗೆ. ಪಕ್ಕದಲ್ಲಿ ಕೂರಬೇಡ, ರಾಜಿಯಾಯಿತು ಅಂದುಕೊಳ್ಳುತ್ತಾರೆ. ನಾನು ತಲೆ ತಗ್ಗಿಸಿದ ಕೂಡಲೇ ಎತ್ತಿಕೊ, ಜೋರಾಗಿ ಅಲ್ಲ. ನಿನ್ನ ದನಿ ನನ್ನದರ ಹಾಗೇ ಇದೆ, ಯಾರಿಗೂ ಗೊತ್ತಾಗುವುದಿಲ್ಲ.