ನಡುವಿನ ತಂತಿ

ಸೋಮವಾರ, ಮಧ್ಯಾಹ್ನ
ಹೆರಿಗೆ ಆಸ್ಪತ್ರೆಯ ನರ್ಸುಗಳ ಕೋಣೆಯಿಂದ

ಮಗಳೇ,

ನಿನಗೆ ಅಮ್ಮನ ಆಶೀರ್ವಾದ. ಅದಕ್ಕೆ ಬೇಕಾದಷ್ಟು ತಾಳ್ಮೆ ನನ್ನಲ್ಲಿ ಇನ್ನೂ ಉಳಿದಿರುವುದು ನನಗೇ ಆಶ್ಚರ್ಯ.

ನೀವು ಗಂಡ ಹೆಂಡತಿ ಮುಂದೆ ನಿಂತು ನಮ್ಮ ಆಸ್ಪತ್ರೆಗೆ ಹಾಕಿಸಿದ ಸೋಲಾರ್ ದೀಪ ಇವತ್ತಿಗೂ ಉರಿದಿಲ್ಲ. ಬೋರ್ಡಿನಲ್ಲೇನೋ ಎರಡು ದೇಶಗಳ ಸಹಕಾರ ಅಂತ ದಪ್ಪಕ್ಷರ ಇದೆ. ಚಾವಣಿಯ ಪ್ಯಾನೆಲ್ಲು ಅಳಿಯಂದಿರು ಕೆಲಸ ಮಾಡುವ ಹೊರದೇಶದ ಸಂಸ್ಥೆಯದು, ಮೆಟ್ಟಿಲ ಕೆಳಗಿನ ಬ್ಯಾಟರಿ ನಮ್ಮ ದೇಶದ್ದೇ ಆದ ನಿನ್ನ ಸಂಸ್ಥೆಯದು. ನಡುವಿನ ತಂತಿ ಯಾರ ಪಾಲಿಗೂ ಬಂದಿಲ್ಲವಂತೆ! ನಮ್ಮ ಎಲೆಕ್ಟ್ರಿಷಿಯನ್‌ಗೆ ಎಳೆಯಲು ಹೇಳಿದೆ. ಎರಡೂ ಕಡೆಯ ಸೀಲು ತೋರಿಸಿ, ನಾನ್ ಮುಟ್ಟಿದ್ರೆ ಇಬ್ರೂ ಗ್ಯಾರಂಟಿ ಇಲ್ಲ ಅಂತಾರೆ ಸಿಸ್ಟರ್, ಆಮೇಲೆ ನನ್ ತಲೆಗೆ ಬರುತ್ತೆ ಅಂತ ಜಾರಿಕೊಂಡ.

ಉದ್ಘಾಟನೆಯ ದಿನ ನೀವಿಬ್ಬರೂ ಒಂದೇ ಕತ್ತರಿ ಹಿಡಿದು ಟೇಪು ಕತ್ತರಿಸಿದಿರಿ. ದೀಪ ಝಗ್ಗೆಂದಿತು. ಹಿಂದಿನ ಗೋಡೆಯಾಚೆ ಅದನ್ನು ಉರಿಸಲು ತಂದಿದ್ದ ಬಾಡಿಗೆ ಜನರೇಟರು ಗುರುಗುಟ್ಟುತ್ತಿದ್ದದ್ದು ನನಗೆ ಕೇಳಿಸಿತು. ನಿನಗೂ ಕೇಳಿಸಿತು, ನನ್ನ ಕಣ್ಣು ತಪ್ಪಿಸಿದೆ. ಆ ಹೊತ್ತಿಗಾಗಲೇ ನೀನು ಮನೆ ಬಿಟ್ಟು ಬೇರೆ ಕೋಣೆ ಹಿಡಿದಿದ್ದೆ ಎಂಬುದು ನನಗೆ ಗೊತ್ತಾದದ್ದು ಅಳಿಯಂದಿರ ಡ್ರೈವರ್ ಬಾಯಿಂದ. ಹೆತ್ತವಳಿಗೆ ಒಂದು ಮಾತು ಹೇಳಬೇಕು ಅನ್ನಿಸಲಿಲ್ಲವೇನೇ?

ಇಬ್ಬರಿಗೂ ಬರೆದು ನೋಡಿದೆ. ತಂತಿ ಅವರದು ಅಂತ ನೀನು, ನಿನ್ನದು ಅಂತ ಅವರು. ಮೊದಲು ಯಾರು ಮಾತಾಡಿಸಬೇಕು ಎಂಬುದೇ ದೊಡ್ಡ ವಿಷಯ. ಸಂಸ್ಥೆಗಳ ಜಗಳ ಎಲ್ಲಿ ಮುಗಿದು ನಿಮ್ಮದು ಎಲ್ಲಿ ಶುರುವಾಗುತ್ತದೋ ನನಗಂತೂ ತಿಳಿಯದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ನಿಮಗೆ ಕೂಸಿಲ್ಲ, ಊರವರ ಕೂಸುಗಳು ಸಿಕ್ಕಿವೆ.

ಮೊನ್ನೆ ಸಂಜೆ ಕರೆಂಟು ಹೋದಾಗ ಒಬ್ಬ ಬಾಣಂತಿಗೆ ರಕ್ತ ನಿಲ್ಲುತ್ತಿರಲಿಲ್ಲ. ಆಯಾ ಮೊಬೈಲಿನ ಬೆಳಕು ಹಿಡಿದಳು, ನಾನು ತಡಕಾಡುತ್ತಾ ಹೊಲಿಗೆ ಹಾಕಿದೆ. ಹೇಗೋ ಉಳಿದಳು. ಇನ್ನೊಬ್ಬಳನ್ನು ಹಾಗೆ ಉಳಿಸುವ ಧೈರ್ಯ ನನಗಿಲ್ಲ.

ಮತ್ತೆ ಕೂಡಿ ಬಾಳಿ ಎಂದು ನಾನು ಕೇಳುತ್ತಿಲ್ಲ, ಆ ಆಸೆ ಬಿಟ್ಟಿದ್ದೇನೆ. ಒಂದು ತಂತಿ ಎಳೆಸಿ, ಸಾಕು.

ಇಂತಿ,
ನಿನ್ನ ಮೇಲೆ ಸಿಟ್ಟಾಗಿರುವ
ಅಮ್ಮ

ತಾ.ಕ.: ಮುಂದಿನ ವಾರ ನಿನ್ನ ತಂಗಿ ಹೆರಿಗೆಗೆ ಬರುತ್ತಾಳೆ. ದೊಡ್ಡಾಸ್ಪತ್ರೆಗೆ ಹೋಗೇ ಅಂದರೆ, ಅಕ್ಕ ಭಾವ ಸೇರಿ ಹಾಕಿಸಿದ ದೀಪ ಇರುವಾಗ ಬೇರೆ ಕಡೆ ಯಾಕಮ್ಮಾ ಅನ್ನುತ್ತಾಳೆ. ದೀಪ ಉರಿಯುವುದಿಲ್ಲ ಎಂದು ಅವಳಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಯಾಕೆ ಅಂತ ಕೇಳುತ್ತಾಳೆ.